ಪೂರ್ವಪಕ್ಷವಿಲ್ಲದ ಉತ್ತರ

ಇ-ಮೇಲಿನಲ್ಲಿ ಹತ್ತು ಮಂದಿ ಕೂಡಿ ಚರ್ಚಿಸುವ ಯಾವ ಕೂಟವನ್ನಾದರೂ ನೋಡಿ. ಮೇಲುಗಡೆ “ನನಗೆ ಒಪ್ಪಿಗೆಯಿಲ್ಲ” ಎಂಬ ಒಂದೇ ಮಾತು. ಅದರ ಕೆಳಗೆ ಹಿಂದಿನ ಪತ್ರಗಳೆಲ್ಲ ಒಂದರ ಬಾಲಕ್ಕೊಂದು ಜೋತುಬಿದ್ದಿರುತ್ತವೆ. ಯಾವುದಕ್ಕೆ ಒಪ್ಪಿಗೆಯಿಲ್ಲ? ಆ ಕಾಡಿನಲ್ಲಿ ಹುಡುಕಿಕೊಳ್ಳುವುದು ಓದುವವನ ಕರ್ಮ!

ಇದೊಂದು ಸಣ್ಣ ಅಶಿಸ್ತು, ಬಿಟ್ಟುಬಿಡಿ ಎನ್ನುವವರುಂಟು. ನಾನು ಬಿಡಲಾರೆ, ಪೆಟ್ಟು ತಿಂದವನು ನಾನು.

ಕಳೆದ ವರ್ಷ ಒಂದು ಶಾಸನದ ಕಾಲವನ್ನು ಕುರಿತು ನಮ್ಮೊಳಗೆ ಚರ್ಚೆ ನಡೆದಿತ್ತು. “ಇದು ಹೊಯ್ಸಳರ ಕಾಲದ್ದೆಂಬ ವಾದಕ್ಕೆ ಬಲವುಂಟು, ಆದರೆ ಲಿಪಿ ಅದನ್ನು ಒಪ್ಪಗೊಡದು” ಎಂದು ನಾನು ಬರೆದೆ. ಮಿತ್ರರೊಬ್ಬರು ಮೊದಲರ್ಧವನ್ನಷ್ಟೇ ಎತ್ತಿಕೊಂಡು ನನ್ನನ್ನು ಖಂಡಿಸಿದರು. ಮತ್ತೆ ಮೂವರು ದನಿಗೂಡಿಸಿದರು. ನಾನು ಹಿಡಿಯದ ಪಕ್ಷಕ್ಕಾಗಿ ನನಗೆ ಬೈಗುಳ! ತಮಾಷೆಯೆಂದರೆ, ನನ್ನ ಇಡೀ ಪತ್ರ ಅದೇ ಖಂಡನೆಯ ಅಡಿಯಲ್ಲಿ ಬಿದ್ದಿತ್ತು. ಅಲ್ಲಿಯವರೆಗೆ ಇಳಿದು ಓದಿದವರು ಒಬ್ಬರೂ ಇಲ್ಲ. ಎಲ್ಲವನ್ನೂ ಲಗತ್ತಿಸುವುದು ಪ್ರಾಮಾಣಿಕತೆಯಲ್ಲ. ಕತ್ತರಿಸಿದ ಗಾಯವನ್ನು ಮುಚ್ಚುವ ಹೊದಿಕೆ ಅದು. ಆ ಮಿತ್ರರಿಗೂ ನನಗೂ ಇಂದಿಗೂ ಮಾತಿಲ್ಲ.

ನಿಯಮ ಇಲ್ಲದೆ ಇಲ್ಲ. ಅಂತರಜಾಲದ ಶಿಷ್ಟಾಚಾರವನ್ನು ಕುರಿತ ‘ಆರ್‌ಎಫ್‌ಸಿ ೧೮೫೫’ ಎಂಬ ಕೈಪಿಡಿ ೧೯೯೫ರಲ್ಲಿಯೇ ಹೊರಬಂದಿದೆ. ಉತ್ತರ ಬರೆಯುವವರು ಮೂಲದ ಸಾರವನ್ನು ಮೊದಲು ಹೇಳಲಿ, ಇಲ್ಲವೆ ಸಂದರ್ಭ ತಿಳಿಯುವಷ್ಟು ಭಾಗವನ್ನು ಮಾತ್ರ ಉದ್ಧರಿಸಲಿ ಎಂಬುದು ಅದರ ಬುದ್ಧಿವಾದ. ಇದೇನು ನಮಗೆ ಹೊಸತೆ? ಶಂಕರರು ಸೂತ್ರಭಾಷ್ಯದಲ್ಲಿ ಮೊದಲು ಪೂರ್ವಪಕ್ಷವನ್ನು ಹೂಡಿ, ಅನಂತರವೇ ಸಿದ್ಧಾಂತವನ್ನು ನುಡಿಯುತ್ತಾರೆ. ಎದುರಾಳಿಯ ಮಾತನ್ನು ನೆಟ್ಟಗೆ ಹೇಳಲಾರದವನಿಗೆ ಅದನ್ನು ಖಂಡಿಸುವ ಅಧಿಕಾರವೆಲ್ಲಿಯದು?

“ನಾವೇನು ಮಾಡೋಣ? ಯಂತ್ರವೇ ಹಳೆಯ ಪತ್ರವನ್ನು ಕೆಳಗಿಟ್ಟು, ಮೇಲೆ ಜಾಗ ಬಿಡುತ್ತದೆ” ಎನ್ನುತ್ತಾರೆ. ಯಂತ್ರ ಇಟ್ಟದ್ದನ್ನು ಅಳಿಸಲು ನಮಗೆ ಬೆರಳಿಲ್ಲವೆ? ಇಬ್ಬರ ನಡುವಣ “ನಾಳೆ ಬರುತ್ತೇನೆ” ಎಂಬ ಚೀಟಿಗೆ ಈ ಕಟ್ಟಳೆ ಬೇಕಿಲ್ಲ, ನಿಜ. ಹಲವರು ಕೂಡಿ ವಾದಿಸುವಲ್ಲಿ ಮಾತ್ರ ಬೇಕೇ ಬೇಕು.

ಆದ್ದರಿಂದ ನನ್ನ ಬೇಡಿಕೆ ಇಷ್ಟೆ. ಯಾವ ಮಾತಿಗೆ ಉತ್ತರವೋ ಆ ಮಾತನ್ನು ಇಡಿಯಾಗಿ ಎತ್ತಿ ಬರೆಯಿರಿ, ಯಾರದೆಂದು ಹೇಳಿರಿ; ಅದರ ಕೆಳಗೆ ನಿಮ್ಮ ಉತ್ತರವಿರಲಿ; ಉಳಿದದ್ದನ್ನು ಅಳಿಸಿಬಿಡಿ. ಆಮೇಲೆ ಎಷ್ಟು ಕಟುವಾಗಿ ಬೇಕಾದರೂ ಬಯ್ಯಿರಿ, ಚಿಂತೆಯಿಲ್ಲ. ನಾನು ಆಡಿದ ಮಾತಿಗೆ ಬಯ್ಯಿರಿ.