ಈ ಸಲ ಕಾಮಿಡಿ ಬೇಡ, ಒಂದು ದುರಂತ ನಾಟಕ ಆಡೋಣ

ಮೊದಲೇ ಹೇಳಿಬಿಡ್ತೀನಿ, ನಾನು ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ಒತ್ತಕ್ಷರ ತಪ್ಪಿದ ಕಡೆಯೆಲ್ಲ ಎಡಿಟರ್ ಅಕ್ಕ ತಿದ್ದಿದ್ದಾರೆ. ಇನ್ನೂ ಉಳಿದ ತಪ್ಪುಗಳು ನನ್ನವು.

ಕಳೆದ ವಾರ ಸಂಘದ ಮೀಟಿಂಗ್‌ನಲ್ಲಿ ಈ ವರ್ಷ ಯಾವ ನಾಟಕ ಅಂತ ಚರ್ಚೆ ಆಯ್ತು. ಹೆಚ್ಚು ಕಡಿಮೆ ಎಲ್ಲರೂ ಕಾಮಿಡಿ ಅಂದ್ರು. ನಾನೊಬ್ಬ "ದುರಂತ ನಾಟಕ" ಅಂದೆ. "ಇಂಟರ್ನಲ್ಸು, ಲ್ಯಾಬು, ಬ್ಯಾಕ್‌ಲಾಗು ಅಂತ ಜನ ಅಳ್ತಾನೇ ಇದ್ದಾರೆ, ಸ್ಟೇಜ್ ಮೇಲೂ ಯಾಕೋ ಅಳಿಸ್ತೀಯಾ?" ಅಂತ ಸೀನಿಯರ್ ಒಬ್ಬರು ಕೇಳಿದ್ರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆಗ ಹೇಳೋಕೆ ಆಗದ ಉತ್ತರವನ್ನ ಇಲ್ಲಿ ಬರೀತಿದ್ದೀನಿ.

ಹೋದ ಸೆಮಿಸ್ಟರ್‌ನಲ್ಲಿ ಒಂದು ಪ್ರಾಜೆಕ್ಟ್ ಟೀಮಿಗೆ ಲೀಡ್ ಆರಿಸಿದರು. ಅದು ನನಗೇ ಬರುತ್ತೆ ಅಂದುಕೊಂಡಿದ್ದೆ, ನನ್ನ ಗೆಳೆಯನಿಗೆ ಬಂತು. "ಕಂಗ್ರಾಟ್ಸ್ ಮಗಾ" ಅಂತ ಮೊದಲು ಅಪ್ಪಿಕೊಂಡವನು ನಾನೇ. ಆ ರಾತ್ರಿ ಮಾತ್ರ ನಿದ್ದೆ ಬರಲಿಲ್ಲ. ಕನ್ನಡದಲ್ಲಿ ಇದಕ್ಕೆ ಹೊಟ್ಟೆಕಿಚ್ಚು ಅಂತಾರೆ. ಜೆಲಸಿ ಅನ್ನೋ ಪದ ನೂರು ಸಲ ಬಳಸಿದ್ದೆ, ಆದರೆ ಅದು ಹೊಟ್ಟೆಯಲ್ಲಿ ನಿಜವಾಗಿ ಉರಿಯುತ್ತೆ ಅಂತ ಗೊತ್ತಾಗಿದ್ದು ಅವತ್ತು.

ಕೆಲವು ದಿನ ಆದಮೇಲೆ ಅವನು ನನಗೊಬ್ಬನಿಗೇ ಕಳಿಸಿದ್ದ ಒಂದು ಮೆಸೇಜನ್ನ ಸ್ಕ್ರೀನ್‌ಶಾಟ್ ತೆಗೆದೆ. ಟೀಮಿನ ಇನ್ನೊಬ್ಬನ ಬಗ್ಗೆ ಏನೋ ತಮಾಷೆ ಮಾಡಿದ್ದ, ಅಷ್ಟೇ. ಮೇಲಿನ ಕೆಳಗಿನ ಸಾಲು ಕ್ರಾಪ್ ಮಾಡಿದರೆ ಅದು ತಮಾಷೆ ಥರ ಕಾಣಲ್ಲ. ತೋರಿಸಬೇಕಾದವರಿಗೆ ತೋರಿಸಿದೆ. ಹದಿನೈದು ದಿನದಲ್ಲಿ ಅವನು ಟೀಮಿನಲ್ಲಿ ಇರಲಿಲ್ಲ.

ಆಮೇಲೆ ಒಂದು ಭಾನುವಾರ ಬೆಳಗ್ಗೆ ನಾವು ನಾಲ್ಕು ಜನ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿದ್ವಿ. ಸಾವಿರ ಮೆಟ್ಟಿಲು ಅಂತಾರೆ, ನಂದಿ ಹತ್ರ ಬರೋಷ್ಟರಲ್ಲೇ ನನ್ನ ಉಸಿರು ಮುಗಿದಿತ್ತು. ಉಳಿದಿಬ್ಬರು ನೀರು ತರೋಕೆ ಹೋದರು. ಅವನು ಸೌತೆಕಾಯಿ ಮುರಿದು ಅರ್ಧ ನನಗೆ ಕೊಟ್ಟು ಕೇಳಿದ: "ಯಾರೋ ನನ್ನ ಮೆಸೇಜ್ ತೋರಿಸಿದ್ದಾರೆ ಕಣೋ. ನಿನಗೇನಾದ್ರೂ ಗೊತ್ತಾ? ನಿನ್ನೊಬ್ಬನ್ನೇ ನಂಬಿ ಕೇಳ್ತಿದ್ದೀನಿ."

"ಇಲ್ಲ ಮಗಾ" ಅಂದೆ. ಸೌತೆಕಾಯಿನೂ ತಿಂದೆ.

ಮೇಲೆ ಹೋಗಿ ಮಹಿಷಾಸುರನ ಪ್ರತಿಮೆ ಮುಂದೆ ಫೋಟೋ ತೆಗೆಸಿಕೊಂಡ್ವಿ. ಒಂದು ಕೈಯಲ್ಲಿ ಕತ್ತಿ, ಇನ್ನೊಂದರಲ್ಲಿ ಹಾವು, ದೊಡ್ಡ ಮೀಸೆ. ರಾಕ್ಷಸ ಯಾರು ಅಂತ ಎಳೆ ಮಗುವಿಗೂ ಗೊತ್ತಾಗುತ್ತೆ. ಆ ಫೋಟೋದಲ್ಲಿ ಅವನ ಹೆಗಲ ಮೇಲೆ ಕೈ ಹಾಕಿ ನಿಂತಿರೋ ನನಗೆ ಮೀಸೆ ಇನ್ನೂ ಸರಿಯಾಗಿ ಬಂದಿಲ್ಲ.

ರಜೆಯಲ್ಲಿ ಒಥೆಲೋ ಓದಿದೆ. ನಮಗೆ ಸಾಂಸ್ಕೃತಿಕ ಕನ್ನಡ ಪಾಠ ಮಾಡಿದ ಮೇಡಂ ಹಿಂದೆ ಹೇಳಿದ್ದ ಒಂದು ವಿಷಯ ತಲೆಯಲ್ಲಿ ಉಳಿದಿತ್ತು. ಶೇಕ್ಸ್‌ಪಿಯರನ ಒಥೆಲೋ ಕನ್ನಡಕ್ಕೆ ಬಂದಿದ್ದು ಈ ಊರಿನಿಂದಲೇ, 19ನೇ ಶತಮಾನದ ಕೊನೆಯಲ್ಲಿ, 'ಶೂರಸೇನ ಚರಿತ್ರೆ' ಅನ್ನೋ ಹೆಸರಲ್ಲಿ. ಬರೆದವರು ಬಸವಪ್ಪ ಶಾಸ್ತ್ರಿಗಳು. ಅಭಿನವ ಕಾಳಿದಾಸ ಅಂತ ಬಿರುದು ಪಡೆದವರು, ಮೈಸೂರು ಸಂಸ್ಥಾನದ ನಾಡಗೀತೆ 'ಕಾಯೌ ಶ್ರೀ ಗೌರಿ' ಬರೆದವರೂ ಅವರೇ. ಚಾಮರಾಜೇಂದ್ರ ಒಡೆಯರ ಕಾಲದಲ್ಲಿ ಅರಮನೆಯ ನಾಟಕ ಸಭೆಗೆ ನಾಟಕ ಬರೆದುಕೊಡುತ್ತಿದ್ದರು. ಅವರಿಗೆ ಇಂಗ್ಲಿಷ್ ಬರ್ತಿರಲಿಲ್ಲ. ಇಂಗ್ಲಿಷ್ ಬಲ್ಲವರ ನೆರವು ಪಡೆದು ಬರೆದರು. ಇಂಗ್ಲಿಷ್ ಬರದವರು ಅಷ್ಟು ಕಷ್ಟಪಟ್ಟು ಒಥೆಲೋ ಹತ್ರ ಹೋಗಿದ್ದಾರೆ. ಹದಿನಾಲ್ಕು ವರ್ಷ ಇಂಗ್ಲಿಷ್ ಕಲಿತ ನಾನು ಅದನ್ನ ತೆರೆದೂ ನೋಡಿರಲಿಲ್ಲ.

ಕಥೆ ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳ್ತೀನಿ. ಒಥೆಲೋ ದೊಡ್ಡ ಸೇನಾಪತಿ. ತನ್ನ ಕೈಕೆಳಗಿನ ಹುದ್ದೆಯನ್ನ ಕ್ಯಾಸಿಯೋಗೆ ಕೊಡ್ತಾನೆ. ಅದು ತನಗೆ ಬರಬೇಕಿತ್ತು ಅಂತ ಇಯಾಗೋಗೆ ಉರಿ. ಒಥೆಲೋ ತನ್ನ ಹೆಂಡತಿ ಡೆಸ್ಡಿಮೋನಾಗೆ ಕೊಟ್ಟಿದ್ದ ಮೊದಲ ಉಡುಗೊರೆ ಒಂದು ಕರವಸ್ತ್ರ. ಅದು ಕೆಳಗೆ ಬಿದ್ದಾಗ ಇಯಾಗೋನ ಹೆಂಡತಿ ಎಮಿಲಿಯಾ ಎತ್ತಿಕೊಂಡು ಗಂಡನಿಗೆ ಕೊಡ್ತಾಳೆ, ಅವನು ಅದನ್ನ ಕ್ಯಾಸಿಯೋನ ಕೋಣೆಯಲ್ಲಿ ಬೀಳಿಸ್ತಾನೆ. ಒಥೆಲೋ ಅದನ್ನೇ ಸಾಕ್ಷಿ ಅಂತ ನಂಬಿ ಡೆಸ್ಡಿಮೋನಾಳನ್ನ ಕೊಲ್ತಾನೆ. ನಿಜ ಬಯಲಾಗೋವರೆಗೂ ಅವನು ಇಯಾಗೋನನ್ನ ಪ್ರಾಮಾಣಿಕ ಅಂತಾನೇ ಕರೀತಿರ್ತಾನೆ.

ಓದ್ತಾ ಓದ್ತಾ ನನಗೆ ಬೆವರು ಬಂತು. ಆ ಕರವಸ್ತ್ರ ಸುಳ್ಳಲ್ಲ. ಅಸಲಿ ಕರವಸ್ತ್ರವೇ, ಅದರ ಜಾಗ ಮಾತ್ರ ಬದಲಾಗಿದೆ. ನನ್ನ ಸ್ಕ್ರೀನ್‌ಶಾಟ್ ಕೂಡ ಫೇಕ್ ಅಲ್ಲ. "ನಾನೇನು ಸುಳ್ಳು ಹೇಳಿಲ್ವಲ್ಲ" ಅಂತ ಎರಡು ತಿಂಗಳು ನನಗೆ ನಾನೇ ಹೇಳಿಕೊಂಡಿದ್ದೆ. ಆ ವಾದ ನಾಲ್ಕುನೂರು ವರ್ಷ ಹಳೇದು ಅಂತ ಗೊತ್ತಿರಲಿಲ್ಲ.

ಮೀಟಿಂಗ್‌ನಲ್ಲಿ ಒಬ್ಬಳು ಕ್ಲಾಸ್‌ಮೇಟ್ ಒಂದು ಗಟ್ಟಿ ಪ್ರಶ್ನೆ ಎತ್ತಿದಳು. "ಹೆಂಡತಿಯನ್ನ ಕೊಂದವನು ನಾಯಕನಾ? ಅನುಮಾನಕ್ಕೆ ಪ್ರೀತಿ ಅಂತ ಹೆಸರಿಟ್ಟು ನಾವು ಅವನಿಗಾಗಿ ಅಳಬೇಕಾ?" ಅವಳು ಕೇಳಿದ್ದು ಸರಿ. ನಮ್ಮ ಸಿನಿಮಾಗಳಲ್ಲಿ ಈ ಅನುಮಾನಕ್ಕೆ ಬ್ಯಾಕ್‌ಗ್ರೌಂಡ್ ಮ್ಯೂಸಿಕ್ ಬೇರೆ ಹಾಕ್ತಾರೆ. ಆದರೆ ದುರಂತ ನಾಯಕ ಅಂದರೆ ನಾವು ಶಿಳ್ಳೆ ಹೊಡೆಯೋ ಹೀರೋ ಅಲ್ಲ ಅಂತ ನನ್ನ ಅಭಿಪ್ರಾಯ. ದೊಡ್ಡ ಗುಣ ಇದ್ದೂ ಒಂದು ದೋಷದಿಂದ ತನ್ನ ಕೈಯಾರೆ ಎಲ್ಲ ಹಾಳು ಮಾಡಿಕೊಂಡವನು, ಹಾಳಾದ ಮೇಲೆ ಅದು ತನ್ನದೇ ಕೈ ಅಂತ ಕಂಡವನು. ಒಥೆಲೋ ಹೆಂಡತಿಗೆ ಆರೋಪ ಹೊರಿಸ್ತಾನೆ, ಅವಳು ಇಲ್ಲ ಅಂದಾಗ ಕೇಳಿಸಿಕೊಳ್ಳಲ್ಲ. ನಾವು ಇದನ್ನ ಆಡಿದರೆ ಡೆಸ್ಡಿಮೋನಾ ಮತ್ತು ಎಮಿಲಿಯಾ ಸ್ಟೇಜಿನ ಮಧ್ಯದಲ್ಲಿ ನಿಲ್ಲಬೇಕು, ಮೂಲೆಯಲ್ಲಲ್ಲ. ಕೊನೆಗೆ ಗಂಡನ ಎದುರೇ ನಿಜ ಹೇಳೋಳು ಎಮಿಲಿಯಾ, ಅದಕ್ಕೆ ಪ್ರಾಣ ಕೊಡೋಳೂ ಅವಳೇ.

ಇನ್ನೊಬ್ಬರು "ದುರಂತ ನಮ್ಮ ಪರಂಪರೆ ಅಲ್ಲ" ಅಂದ್ರು. ಸಂಸ್ಕೃತ ನಾಟಕಗಳು ಸಾಮಾನ್ಯವಾಗಿ ಮಂಗಳದಲ್ಲೇ ಮುಗಿಯುತ್ತವೆ, ನಿಜ. ಆದರೆ ಭಾಸನ 'ಊರುಭಂಗ'ದಲ್ಲಿ ದುರ್ಯೋಧನ ತೊಡೆ ಮುರಿದು ಸ್ಟೇಜ್ ಮೇಲೇ ಸಾಯ್ತಾನೆ. ಕನ್ನಡದಲ್ಲಿ ಹತ್ತನೇ ಶತಮಾನದ ರನ್ನನೇ ಇದ್ದಾನೆ. ಪಾಂಡವರ ಮೇಲಿನ ಹೊಟ್ಟೆಕಿಚ್ಚಿನಲ್ಲಿ ಇಡೀ ಕುಲ ಸುಟ್ಟ ಅದೇ ದುರ್ಯೋಧನ ರಣರಂಗದಲ್ಲಿ ಹೆಣಗಳ ನಡುವೆ ನಡೀತಾನೆ. ತನ್ನ ಮಗನ ಹೆಣ ನೋಡ್ತಾನೆ, ಕರ್ಣನ ಹೆಣ ನೋಡಿ ಅಳ್ತಾನೆ. ಅಷ್ಟೇ ಅಲ್ಲ, ಶತ್ರುವಿನ ಮಗ ಅಭಿಮನ್ಯುವಿನ ಶೌರ್ಯಕ್ಕೂ ಕೈ ಮುಗೀತಾನೆ. ಜೀವನವಿಡೀ ಆ ಮನೆಯವರ ಒಳ್ಳೇದನ್ನ ಸಹಿಸದವನು ಅಲ್ಲಿ ಒಂದು ಕ್ಷಣ ಸಹಿಸ್ತಾನೆ. ಆಗ ತುಂಬಾ ತಡವಾಗಿತ್ತು.

ಮಹಾರಾಜ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತಿದ್ದ ಬಿ.ಎಂ.ಶ್ರೀಯವರು ರನ್ನನ ಆ ಕಾವ್ಯವನ್ನ ನಾಟಕ ಮಾಡಿದರು. 1929ರಲ್ಲಿ 'ಅಶ್ವತ್ಥಾಮನ್' ಬರೆದರು. ಅದಕ್ಕೆ ಮೂಲ ಗ್ರೀಕ್ ನಾಟಕಕಾರ ಸೋಫೋಕ್ಲಿಸ್‌ನ 'ಏಜಾಕ್ಸ್'. ತನಗೆ ಬರಬೇಕಾದ ಗೌರವ, ಅಕಿಲೀಸನ ಆಯುಧ ಕವಚ, ಇನ್ನೊಬ್ಬನ ಪಾಲಾಯ್ತು ಅಂತ ಉರಿದುಹೋದ ವೀರನ ಕಥೆ ಅದು. ಮತ್ತೆ ಅದೇ ನೋಡಿ, ನನಗೆ ಬರಬೇಕಿತ್ತು, ಅವನಿಗೆ ಬಂತು. ಪ್ಲೇಸ್‌ಮೆಂಟ್ ಸೀಸನ್‌ನಲ್ಲಿ ನಮ್ಮ ಹಾಸ್ಟೆಲ್ ಕಾರಿಡಾರಿನಲ್ಲಿ ಕೇಳೋ ಮಾತು ಇದೇ ಅಲ್ವಾ?

ಸೀನಿಯರ್ ಕೇಳಿದ ಪ್ರಶ್ನೆಗೆ ಬರ್ತೀನಿ. ಕಾಮಿಡಿ ಮೇಲೆ ನನಗೆ ಸಿಟ್ಟಿಲ್ಲ. ಆದರೆ ನಾವು ಮಾಡೋ ಸ್ಕಿಟ್‌ಗಳಲ್ಲಿ ವಿಲನ್ ಯಾವಾಗಲೂ ಬೇರೆ ಯಾರೋ: ಪ್ರಿನ್ಸಿಪಾಲ್, ವಾರ್ಡನ್, ಪಕ್ಕದ ಬ್ರಾಂಚಿನವನು. ನಕ್ಕು ಮನೆಗೆ ಹೋಗ್ತೀವಿ. ದುರಂತ ನಾಟಕ ನೋಡೋವಾಗ ವಿಲನ್ ನಮ್ಮ ಸೀಟಿನಲ್ಲೇ ಕೂತಿರ್ತಾನೆ. ನನ್ನ ಜೊತೆ ಯಾರೂ ಜಗಳ ಆಡಿರಲಿಲ್ಲ, ಯಾರೂ ಬೈದಿರಲಿಲ್ಲ, ಸಿಕ್ಕಿಬಿದ್ದೂ ಇರಲಿಲ್ಲ. ಒಂದು ಪುಸ್ತಕ ಓದಿ ಸಿಕ್ಕಿಬಿದ್ದೆ.

ರಜೆ ಮುಗಿದ ಮೇಲೆ ಅವನಿಗೆ ಹೇಳಿದೆ. ಬೆಟ್ಟದ ಮೇಲಲ್ಲ, ಹಾಸ್ಟೆಲ್ ಮೆಸ್ ಹಿಂದೆ, ಸೈಕಲ್ ಸ್ಟ್ಯಾಂಡ್ ಹತ್ರ. ಅವನು ಕೂಗಾಡಲಿಲ್ಲ. "ನಂದಿ ಹತ್ರ ಕೇಳಿದಾಗಲೇ ಹೇಳಬಹುದಿತ್ತಲ್ವಾ" ಅಂದ, ಹೋದ. ಪೂರ್ತಿ ಚಾಟ್ ಟೀಮಿನವರಿಗೂ ತೋರಿಸಿದೆ. ಅವರು ಅವನನ್ನ ವಾಪಸ್ ಕರೆದರು, ಅವನು ಹೋಗಲಿಲ್ಲ. ಈಗ ಎದುರು ಸಿಕ್ಕಿದರೆ "ಹಾಯ್" ಅಂತಾನೆ. ಅಷ್ಟೇ. ಈ ಲೇಖನವನ್ನ ಅವನು ಓದಿ ಹೂಂ ಅಂದ ಮೇಲೇ ಕಳಿಸಿದ್ದೀನಿ.

ನನ್ನ ಪ್ರಸ್ತಾಪ ಇಷ್ಟು. ಒಥೆಲೋನ ಕರವಸ್ತ್ರದ ಭಾಗವನ್ನ ನಲವತ್ತು ನಿಮಿಷಕ್ಕೆ ಇಳಿಸಿ ನಮ್ಮ ಕ್ಯಾಂಪಸ್ ಕನ್ನಡದಲ್ಲೇ ಆಡೋಣ. ಹಳೇ ರಾಜರ ಡ್ರೆಸ್ ಬೇಡ, ಕರವಸ್ತ್ರದ ಬದಲು ಫೋನ್ ಇರಲಿ. ಇಯಾಗೋ ಪಾತ್ರ ಯಾರು ಬೇಕಾದರೂ ಮಾಡಲಿ, ನನಗೆ ಬೇಡ. ಪರದೆ ಹಿಂದೆ ನಿಂತು ಮಾತು ಮರೆತವರಿಗೆ ಸಾಲು ಹೇಳಿಕೊಡೋ ಕೆಲಸ ನನಗೆ ಕೊಡಿ.

ಗುರುವಾರ ಸಂಜೆ ಮತ್ತೆ ಮೀಟಿಂಗ್ ಇದೆ. ಕಾಮಿಡಿಗೆ ವೋಟ್ ಹಾಕೋರೂ ಬನ್ನಿ, ಜಗಳ ಆಡೋಣ.