ಲಂಕಾ ಮೆಣಸು, ಮಲೆನಾಡಿನ ಬೆಲೆ

ಕೊಡಗು, ಹಾಸನ, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಸಿಲ್ವರ್ ಓಕ್ ಮರಗಳಿಗೆ ಹಬ್ಬಿದ ಕಾಳುಮೆಣಸಿನ ಬಳ್ಳಿಯನ್ನು ಬರೀ ಉಪಬೆಳೆ ಎನ್ನಲಾಗದು. ಕಾಫಿ ಕೈಕೊಟ್ಟ ವರ್ಷ ಬ್ಯಾಂಕಿನ ಕಂತು ಕಟ್ಟುವುದು, ಕೂಲಿ ಬಟವಾಡೆ ಮಾಡುವುದು ಮೆಣಸಿನ ದುಡ್ಡಿನಲ್ಲೇ. ಹಾಗಾಗಿ ಮೆಣಸಿನ ಧಾರಣೆ ಕುಸಿದಾಗಲೆಲ್ಲ ಬೆಳೆಗಾರರ ಬೆರಳು ಶ್ರೀಲಂಕಾದ ಕಡೆ ತಿರುಗುತ್ತದೆ. ಮುಕ್ತ ವ್ಯಾಪಾರ ಒಪ್ಪಂದದಿಂದ ಮೆಣಸನ್ನು ಕೈಬಿಡಿ ಎಂಬ ಬೇಡಿಕೆ ಏಳುತ್ತದೆ. ಅದನ್ನು ಗಂಭೀರವಾಗಿ ಪರಿಗಣಿಸಲೇಬೇಕು. ಕಡಲಾಚೆಯವರ ಮಾತನ್ನೂ ಅಷ್ಟೇ ಗಂಭೀರವಾಗಿ ಕೇಳಬೇಕು.

1998ರ ಡಿಸೆಂಬರ್‌ನಲ್ಲಿ ಸಹಿಯಾಗಿ 2000ನೇ ಇಸವಿಯ ಮಾರ್ಚ್‌ನಲ್ಲಿ ಜಾರಿಗೆ ಬಂದ ಭಾರತ–ಶ್ರೀಲಂಕಾ ಒಪ್ಪಂದ ಬೇಕೆಂದೇ ಚಿಕ್ಕ ದೇಶದ ಕಡೆ ವಾಲಿತ್ತು. ಸುಂಕ ಇಳಿಸಲು ಭಾರತ ತನಗೆ ಮೂರು ವರ್ಷ ಇಟ್ಟುಕೊಂಡು ಲಂಕೆಗೆ ಎಂಟು ವರ್ಷ ಕೊಟ್ಟಿತು. ರಿಯಾಯಿತಿಯಿಂದ ಹೊರಗಿಟ್ಟ ಸರಕುಗಳು ನಮ್ಮ ಪಟ್ಟಿಯಲ್ಲಿ 429, ಅವರ ಪಟ್ಟಿಯಲ್ಲಿ 1,180. ಐದಾರು ವರ್ಷಗಳಲ್ಲಿ ಭಾರತಕ್ಕೆ ಲಂಕೆಯ ರಫ್ತು ಹತ್ತು ಪಟ್ಟಿಗೂ ಮಿಕ್ಕಿ ಬೆಳೆಯಿತು. ದೊಡ್ಡ ನೆರೆಯವನು ಮನಸ್ಸು ಮಾಡಿದರೆ ಚಿಕ್ಕವನಿಗೆ ಮಾರುಕಟ್ಟೆ ತೆರೆಯುತ್ತದೆ ಎಂಬುದಕ್ಕೆ ಒಪ್ಪಂದದ ಪರವಾಗಿರುವವರು ಇದನ್ನೇ ತೋರಿಸುತ್ತಾರೆ.

ಆದರೆ ಆ ಬೆಳವಣಿಗೆಯಲ್ಲಿ ದೊಡ್ಡ ಪಾಲು ತಾಮ್ರದ್ದು ಮತ್ತು ವನಸ್ಪತಿಯದು. ತಾಳೆ ಎಣ್ಣೆಗೆ ಆಗ ಭಾರತದಲ್ಲಿ ಸುಂಕ ಹೆಚ್ಚಿತ್ತು, ಲಂಕೆಯಲ್ಲಿ ಕಡಿಮೆಯಿತ್ತು. ಅಲ್ಲಿಗೆ ಎಣ್ಣೆ ತರಿಸಿ, ವನಸ್ಪತಿ ಮಾಡಿ, ಸುಂಕವಿಲ್ಲದೆ ಇಲ್ಲಿಗೆ ಕಳಿಸುವ ಕಾರ್ಖಾನೆಗಳು ಎದ್ದವು. ಭಾರತೀಯರ ಬಂಡವಾಳವೂ ಅವುಗಳಲ್ಲಿತ್ತು. ಭಾರತ ಮಿತಿ ಹೇರಿದ ಮೇಲೆ ಆ ಉದ್ಯಮ ನೆಲಕಚ್ಚಿತು. ಸುಂಕದ ಅಂತರವನ್ನೇ ನಂಬಿ ಬಂದ ವ್ಯಾಪಾರ ಉಳಿಯಲಿಲ್ಲ.

ಮೆಣಸಿನಲ್ಲೂ ಅಂಥದ್ದೇ ಅಂತರವಿದೆ. ಸಾಮಾನ್ಯ ಆಮದು ಸುಂಕ ಶೇ 70. ಆಸಿಯಾನ್ ಒಪ್ಪಂದದಡಿ ವಿಯೆಟ್ನಾಂ ಮೆಣಸಿಗೆ ಅದು ಸುಮಾರು ಶೇ 50. ಲಂಕೆಯಿಂದಾದರೋ ವರ್ಷಕ್ಕೆ 2,500 ಟನ್‌ವರೆಗೆ ಸುಂಕವೇ ಇಲ್ಲ. ಅದಕ್ಕೂ ಮೀರಿದರೆ ದಕ್ಷಿಣ ಏಷ್ಯಾ ಒಪ್ಪಂದ ‘ಸಾಫ್ಟಾ’ದಡಿ ಶೇ 8. ವಿಯೆಟ್ನಾಂ ಮೆಣಸು ಕೊಲಂಬೊದಲ್ಲಿ ಹೆಸರು ಬದಲಿಸಿಕೊಂಡು ಬರುತ್ತಿದೆ ಎಂಬ ಬೆಳೆಗಾರರ ದೂರಿಗೆ ಈ ಲೆಕ್ಕವೇ ಆಧಾರ. ಕೇಂದ್ರ ಸರ್ಕಾರವೂ 2017ರ ಡಿಸೆಂಬರ್‌ನಲ್ಲಿ ಕಿಲೋಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ ನಿಗದಿ ಮಾಡಿತು. 2020ರಲ್ಲಿ ಸರಕಿನ ಮೂಲದ ಬಗ್ಗೆ ಆಮದುದಾರನೇ ವಿವರ ಇಟ್ಟುಕೊಳ್ಳಬೇಕೆಂಬ ನಿಯಮ ತಂದಿತು.

ಹಾಗಂತ ಧಾರಣೆ ಕುಸಿದದ್ದಕ್ಕೆ ಲಂಕೆಯೊಂದನ್ನೇ ದೂರುವುದು ಸರಿಯಲ್ಲ. ವಿಯೆಟ್ನಾಂನಲ್ಲಿ ಬೆಳೆ ವಿಪರೀತ ಹೆಚ್ಚಿ 2016ರ ನಂತರದ ಕೆಲವು ವರ್ಷ ಜಗತ್ತಿನೆಲ್ಲೆಡೆ ಮೆಣಸಿನ ಬೆಲೆ ಇಳಿಯಿತು. ಒಪ್ಪಂದ ಇಲ್ಲದಿದ್ದರೂ ಆ ಬಿಸಿ ನಮಗೆ ತಟ್ಟುತ್ತಿತ್ತು. ಇನ್ನು ಲಂಕೆಯ ಮಾತಳೆ, ಕ್ಯಾಂಡಿ ಸುತ್ತ ಮೆಣಸು ಬೆಳೆಯುವವರಲ್ಲಿ ಹೆಚ್ಚಿನವರು ಮನೆಯಂಗಳದ ತೋಟದ ಸಣ್ಣ ರೈತರು. ಖಾರದ ಅಂಶ ಹೆಚ್ಚಿರುವ ಅವರ ಮೆಣಸು ಸತ್ವ ತೆಗೆಯುವ ನಮ್ಮ ಕಾರ್ಖಾನೆಗಳಿಗೂ ಬೇಕು. ಕನಿಷ್ಠ ಬೆಲೆಯ ಗೋಡೆ ಕಳ್ಳ ಮೆಣಸನ್ನು ತಡೆಯುವಾಗ ಅವರ ಅಸಲಿ ಮೆಣಸಿಗೂ ಅಡ್ಡ ನಿಂತಿತು. ಕೊಟ್ಟ ಮಾತನ್ನು ದೊಡ್ಡ ದೇಶ ತನಗೆ ಬೇಕಾದಾಗ ಹಿಂಪಡೆಯುತ್ತದೆ ಎಂಬ ಅಳುಕು ಕೊಲಂಬೊದಲ್ಲಿದೆ. 2008ರಲ್ಲಿ ಸಿದ್ಧವಾಗಿದ್ದ ವಿಸ್ತೃತ ಒಪ್ಪಂದಕ್ಕೆ ಅಲ್ಲಿನ ಉದ್ಯಮಿಗಳು ವಿರೋಧಿಸಿದ್ದರಿಂದ ಸಹಿಯೇ ಬೀಳಲಿಲ್ಲ.

ಎರಡೂ ಕಡೆಯ ಮಾತು ಕೇಳಿದ ಮೇಲೆ ನನಗೆ ಸ್ಪಷ್ಟವಾಗಿರುವುದು ಇಷ್ಟು: ಹೆಸರು ಬದಲಿಸಿಕೊಂಡು ಬರುವ ಪ್ರತಿ ಚೀಲವೂ ಮಡಿಕೇರಿಯ ಬೆಳೆಗಾರನ ಬೆಲೆಯನ್ನು, ಮಾತಳೆಯ ರೈತನ ಪಾಲಿನ ಮಾರುಕಟ್ಟೆಯನ್ನು ಒಟ್ಟಿಗೇ ಕಸಿಯುತ್ತದೆ. ಈ ವಿಷಯದಲ್ಲಿ ಇಬ್ಬರ ಹಿತವೂ ಒಂದೇ. ಆದ್ದರಿಂದ ಒಪ್ಪಂದ ಹರಿಯುವುದಕ್ಕಿಂತ, ಸರಕು ಯಾವ ದೇಶದ್ದೆಂದು ಹೇಳುವ ಮೂಲ ಪ್ರಮಾಣಪತ್ರವನ್ನು ನಂಬಿಕೆಗೆ ಅರ್ಹವಾಗಿಸುವುದು ಮುಖ್ಯ. ಲಂಕೆಯ ಇಳುವರಿಗೂ ರಫ್ತಿಗೂ ಎರಡೂ ಸರ್ಕಾರಗಳು ಕೂಡಿ ತಾಳೆ ನೋಡಲಿ. ಯಾವ ಬಂದರಿಗೆ ಎಷ್ಟು ಬಂತೆಂಬ ಲೆಕ್ಕ ಬೆಳೆಗಾರರಿಗೂ ಸಿಗಲಿ. ಇಷ್ಟಾದರೂ ಧಾರಣೆ ಬಿದ್ದರೆ ಕೇಂದ್ರವೇ ಕೈಹಿಡಿಯಲಿ. ನೆರೆಯವರಿಗೆ ರಿಯಾಯಿತಿ ಕೊಟ್ಟದ್ದು ಇಡೀ ದೇಶ. ಅದರ ನಷ್ಟವನ್ನು ಮಲೆನಾಡಿನ ಬೆಳೆಗಾರನೊಬ್ಬನೇ ಹೊರುವುದು ನ್ಯಾಯವಲ್ಲ.