ನಿನ್ನ ಡಬ್ಬಿಯಲ್ಲಿ ಏನಿದೆ?

ಮಧ್ಯಾಹ್ನದ ಗಂಟೆ ಬಾರಿಸಿತು. ಮಕ್ಕಳೆಲ್ಲರೂ ಕೈ ತೊಳೆದುಕೊಂಡು ಬೇವಿನ ಮರದ ನೆರಳಿನಲ್ಲಿ ಸಾಲಾಗಿ ಕುಳಿತರು. ಕೆಲವರು ಶಾಲೆಯ ಊಟಕ್ಕೆ ತಟ್ಟೆ ಹಿಡಿದಿದ್ದರು. ಕೆಲವರು ಮನೆಯಿಂದ ತಂದ ಡಬ್ಬಿಯನ್ನು ತೆರೆದರು. ನಾಲ್ಕನೆಯ ತರಗತಿಯ ಒಬ್ಬ ಹುಡುಗಿ ಮಾತ್ರ ಮುಚ್ಚಳವನ್ನು ಅರ್ಧ ತೆರೆದು, ಅದರ ಮರೆಯಲ್ಲಿಯೇ ತಿನ್ನುತ್ತಿದ್ದಳು.

"ಯಾಕಮ್ಮಾ, ಹೀಗೆ ಮುಚ್ಚಿಕೊಂಡು ತಿನ್ನುತ್ತಿದ್ದೀಯಾ?" ಎಂದು ಕೇಳಿದೆ.

"ರಾಗಿ ರೊಟ್ಟಿ ಸಾರ್. ನೋಡಿದರೆ ನಗುತ್ತಾರೆ" ಎಂದು ಮೆಲ್ಲಗೆ ಹೇಳಿದಳು.

ನನಗೆ ನನ್ನ ಬಾಲ್ಯ ನೆನಪಾಯಿತು. ನಾನೂ ಹೀಗೆಯೇ ನಾಚಿಕೊಳ್ಳುತ್ತಿದ್ದೆ. ಅಮ್ಮ ಮುಂಜಾನೆ ಎದ್ದು ತಟ್ಟಿ ಕೊಟ್ಟ ರೊಟ್ಟಿಯನ್ನು ದಾರಿಯಲ್ಲಿ ನಾಯಿಗೆ ಹಾಕಿ, ಶಾಲೆಯಲ್ಲಿ ಹಸಿದು ಕುಳಿತ ದಿನಗಳುಂಟು. ಸಂಜೆ ಬರಿದಾದ ಡಬ್ಬಿಯನ್ನು ನೋಡಿ ಅಮ್ಮನಿಗೆ ಸಂತೋಷ. ಮರುದಿನ ಒಂದು ರೊಟ್ಟಿ ಹೆಚ್ಚಾಗಿಯೇ ಇಡುತ್ತಿದ್ದಳು. ನಾನು ನಿಜವನ್ನು ಹೇಳಲೇ ಇಲ್ಲ.

ಮಕ್ಕಳೇ, ರಾಗಿ ನಾಚಿಕೆಪಡುವಂತಹ ಧಾನ್ಯವೇ? ಧರ್ಮಪುರಿಯ ಹೊಲಗಳಲ್ಲಿ ರಾಗಿ, ಸಾಮೆ, ಹುರುಳಿ, ಅವರೆ, ನೆಲಗಡಲೆ ಬೆಳೆಯುತ್ತವೆ. ಎಲುಬು ಮತ್ತು ಹಲ್ಲು ಗಟ್ಟಿಯಾಗಲು ಸುಣ್ಣದ ಅಂಶ ಬೇಕು. ಅದನ್ನು ಕ್ಯಾಲ್ಸಿಯಂ ಎನ್ನುತ್ತಾರೆ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಮಿಗಿಂತಲೂ ಹೆಚ್ಚು ಕ್ಯಾಲ್ಸಿಯಂ ಇದೆ. ಅಷ್ಟೇ ತೂಕದ ಬಿಳಿ ಅಕ್ಕಿಯಲ್ಲಿ ಇರುವುದು ಸುಮಾರು 10 ಮಿಲಿಗ್ರಾಂ ಮಾತ್ರ. ನಮ್ಮ ಕನಕದಾಸರು 'ರಾಮಧಾನ್ಯ ಚರಿತೆ' ಎಂಬ ಕಾವ್ಯವನ್ನೇ ಬರೆದಿದ್ದಾರೆ. ಅದರಲ್ಲಿ ಅಕ್ಕಿಗೂ ರಾಗಿಗೂ ಜಗಳವಾಗುತ್ತದೆ. ಕೊನೆಗೆ ಗೆಲ್ಲುವುದು ರಾಗಿ. ದೊಡ್ಡವರು ಮೆಚ್ಚಿದ ಧಾನ್ಯವನ್ನು ನಾವೇಕೆ ಮರೆಮಾಡಬೇಕು?

ಆದರೆ ಒಂದು ಮಾತನ್ನು ಒಪ್ಪಬೇಕು. "ಇದು ಒಳ್ಳೆಯದು, ತಿನ್ನು" ಎಂದ ಮಾತ್ರಕ್ಕೆ ನಾಲಿಗೆ ಒಪ್ಪುವುದಿಲ್ಲ. ಬೆಳಗಿನ ಮುದ್ದೆ ಮಧ್ಯಾಹ್ನಕ್ಕೆ ಗಟ್ಟಿಯಾಗುತ್ತದೆ. ಅದನ್ನು ತಿನ್ನಲಾರೆ ಎಂದರೆ ಮಗುವಿನ ತಪ್ಪಲ್ಲ. ಡಬ್ಬಿಗೆ ಹೊಂದುವಂತೆ ಅಡುಗೆ ಮಾಡಬೇಕು. ಬಿಸಿನೀರಿನಲ್ಲಿ ಕಲಸಿದ ರಾಗಿಹಿಟ್ಟಿಗೆ ಈರುಳ್ಳಿ, ನುಗ್ಗೆಸೊಪ್ಪು, ತೆಂಗಿನತುರಿ ಸೇರಿಸಿ ತಟ್ಟಿದರೆ ರೊಟ್ಟಿ ಮೆತ್ತಗಿರುತ್ತದೆ. ಜೊತೆಗೆ ನೆಲಗಡಲೆಯ ಚಟ್ನಿಪುಡಿ ಇದ್ದರೆ ಇನ್ನೂ ರುಚಿ. ಒಂದು ದಿನ ಸಾಮೆ ಅನ್ನದ ಚಿತ್ರಾನ್ನ, ಇನ್ನೊಂದು ದಿನ ಹುರುಳಿಕಾಳಿನ ಉಸಲಿ, ಮತ್ತೊಂದು ದಿನ ಮೊಸರನ್ನ. ಬೆಳಿಗ್ಗೆ ಹಾಲು ಹೆಚ್ಚಾಗಿ, ಮೊಸರು ಸ್ವಲ್ಪವೇ ಹಾಕಿ ಕಲಸಿದರೆ ಮಧ್ಯಾಹ್ನಕ್ಕೆ ಹುಳಿಯಾಗುವುದಿಲ್ಲ. ಬಿಸಿ ಆರುವ ಮೊದಲೇ ಮುಚ್ಚಳ ಹಾಕಬಾರದು. ಆವಿ ನೀರಾಗಿ ಊಟ ಮುದ್ದೆಯಾಗುತ್ತದೆ, ಬೇಗ ಕೆಡುತ್ತದೆ.

ಒಂದು ಮೂಲೆಯಲ್ಲಿ ಹಣ್ಣಿಗೂ ಜಾಗವಿರಲಿ. ಬೇಸಿಗೆಯಲ್ಲಿ ಸೇಲಂ ಮಾವು ಇದೆ. ಉಳಿದ ಕಾಲದಲ್ಲಿ ಸೀಬೆ ಅಥವಾ ಬಾಳೆಹಣ್ಣು ಸಿಗುತ್ತದೆ. ಒಂದು ನೆಲ್ಲಿಕಾಯಿ ಇಟ್ಟರೂ ಸಾಕು. ಸೊಪ್ಪು ಮತ್ತು ಕಾಳಿನಲ್ಲಿರುವ ಕಬ್ಬಿಣದ ಅಂಶವನ್ನು ಶರೀರವು ಹೀರಿಕೊಳ್ಳಲು ನೆಲ್ಲಿ, ಸೀಬೆ, ನಿಂಬೆ ಸಹಾಯ ಮಾಡುತ್ತವೆ.

ಅಂಗಡಿಯ ಚಿಪ್ಸ್ ಪೊಟ್ಟಣ ನೋಡಲು ಉಬ್ಬಿಕೊಂಡಿರುತ್ತದೆ. ಒಡೆದರೆ ಅರ್ಧ ಗಾಳಿ! ಉಳಿದುದರಲ್ಲಿ ಎಣ್ಣೆ, ಉಪ್ಪು ಹೆಚ್ಚು. ಎಂದೋ ಒಮ್ಮೆ ತಿಂದರೆ ದೋಷವಿಲ್ಲ. ಅದೇ ದಿನವೂ ಊಟವಾಗಬಾರದು.

ನೀರಿನ ಬಾಟಲಿಯನ್ನೂ ಮರೆಯಬಾರದು. ಧರ್ಮಪುರಿ ಜಿಲ್ಲೆಯ ಹಲವು ಊರುಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚಾಗಿದೆ. ಅದರಿಂದ ಹಲ್ಲಿನ ಮೇಲೆ ಕಂದು ಕಲೆಗಳಾಗುತ್ತವೆ, ಎಲುಬಿಗೂ ಕೇಡು. ನೀರನ್ನು ಕಾಯಿಸಿದರೂ ಫ್ಲೋರೈಡ್ ಹೋಗುವುದಿಲ್ಲ. ಇದಕ್ಕಾಗಿಯೇ ಹೊಗೇನಕಲ್ ಕುಡಿಯುವ ನೀರಿನ ಯೋಜನೆಯು 2013 ರಲ್ಲಿ ಆರಂಭವಾಯಿತು. ಕಾವೇರಿಯ ನೀರು ಬರುವ ಊರಿನವರು ಬಾಟಲಿಗೆ ಅದನ್ನೇ ತುಂಬಿಸಿಕೊಳ್ಳಬೇಕು.

"ಇಷ್ಟೆಲ್ಲಾ ಮಾಡಲು ಸಮಯವೆಲ್ಲಿ? ಬೆಳಗಾದರೆ ಕೂಲಿಗೆ ಹೋಗಬೇಕು" ಎಂದು ಹಲವು ತಾಯಂದಿರು ಹೇಳುತ್ತಾರೆ. ಅವರ ಮಾತು ನಿಜ. ನನ್ನ ಅಭಿಪ್ರಾಯದಲ್ಲಿ ಡಬ್ಬಿ ಕಟ್ಟುವುದು ಅಮ್ಮನೊಬ್ಬಳ ಕೆಲಸವಲ್ಲ. ಅಪ್ಪನೂ ಮಕ್ಕಳೂ ಸೇರಬೇಕು. ರಾತ್ರಿಯೇ ಸೊಪ್ಪು ಬಿಡಿಸಿಡಬಹುದು, ನೆಲಗಡಲೆ ಸುಲಿದಿಡಬಹುದು, ಕಾಳು ನೆನೆಹಾಕಬಹುದು. ಹುಡುಗಿಯರಷ್ಟೇ ಅಲ್ಲ, ಹುಡುಗರೂ ಮಾಡಬೇಕು. ತನ್ನ ಕೈ ಬಿಡಿಸಿದ ಸೊಪ್ಪನ್ನು ಯಾವ ಮಗುವೂ ಸುಲಭವಾಗಿ ಬೇಡವೆನ್ನುವುದಿಲ್ಲ.

ಶಾಲೆಯಲ್ಲಿ ಊಟ ಮಾಡುವವರನ್ನು ಕಂಡು ನಗುವುದೂ ತಪ್ಪು. ಯಾವ ಮಗುವೂ ಹಸಿವಿನಿಂದ ಪಾಠ ಬಿಡಬಾರದೆಂದು ಕಾಮರಾಜರು 1956 ರಲ್ಲಿ ನಮ್ಮ ರಾಜ್ಯದ ಶಾಲೆಗಳಿಗೆ ಮಧ್ಯಾಹ್ನದ ಊಟವನ್ನು ತಂದರು. 1982 ರಲ್ಲಿ ಎಂ.ಜಿ.ಆರ್. ಅವರು ಅದನ್ನು ಪೌಷ್ಟಿಕ ಆಹಾರ ಯೋಜನೆಯಾಗಿ ವಿಸ್ತರಿಸಿದರು. 2022 ರಲ್ಲಿ ಬೆಳಗಿನ ತಿಂಡಿಯ ಯೋಜನೆಯೂ ಆರಂಭವಾಯಿತು. ತಟ್ಟೆಯವರೂ ಡಬ್ಬಿಯವರೂ ಒಂದೇ ಸಾಲಿನಲ್ಲಿ ಕುಳಿತು ಉಣ್ಣುವುದೇ ಚೆಂದ.

ಅಂದು ನಾನು ಆ ಹುಡುಗಿಯ ಪಕ್ಕದಲ್ಲಿ ಕುಳಿತು, "ನನಗೊಂದು ತುಂಡು ಕೊಡಮ್ಮಾ" ಎಂದೆ. ನಾನು ತಿನ್ನುವುದನ್ನು ನೋಡಿ ಎದುರಿನ ಹುಡುಗನೂ ಕೈಚಾಚಿದ. ಮರುದಿನ ಅವಳ ಡಬ್ಬಿಯ ಮುಚ್ಚಳ ಪೂರ್ತಿ ತೆರೆದಿತ್ತು. ರೊಟ್ಟಿಗಳೂ ಎರಡು ಹೆಚ್ಚಾಗಿದ್ದವು.

ಮಕ್ಕಳೇ, ಶಾಲೆಯಲ್ಲಿ ಡಬ್ಬಿಯನ್ನು ಮುಚ್ಚಿಡಬೇಡಿ. ಮನೆಯಲ್ಲಿ ನಿಜವನ್ನು ಮುಚ್ಚಿಡಬೇಡಿ. ಊಟ ಉಳಿದರೆ ದಾರಿಯಲ್ಲಿ ಚೆಲ್ಲದೆ ಹಾಗೆಯೇ ಮನೆಗೆ ಕೊಂಡೊಯ್ಯಿರಿ. ಯಾವುದು ಇಷ್ಟವಾಯಿತು, ಯಾವುದು ಆಗಲಿಲ್ಲ ಎಂದು ಹೇಳಿರಿ. ಆಗ ನಾಳೆಯ ಡಬ್ಬಿ ಇನ್ನೂ ರುಚಿಯಾಗುತ್ತದೆ. ನಾನು ಅಮ್ಮನಿಗೆ ಹೇಳದೆ ಹೋದ ಮಾತನ್ನು ನೀವು ಇಂದು ಸಂಜೆಯೇ ಹೇಳಬಹುದು, ಅಲ್ಲವೇ?